ಐಸ್ ಮೇಲೆ ಹುಲ್ಲು ಹಾಸುವವರ ಲೆಕ್ಕ

ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು, ಎಸೆದು ಗೋಲು ಹೊಡೆಯುವ ಆಟ ಲ್ಯಾಕ್ರೋಸ್. ಹೊಸ ಊರಿಗೆ ಅದರ ವೃತ್ತಿಪರ ತಂಡ ತರಲು ಕೂತಾಗ ಮೇಜಿನ ಮೇಲೆ ಮೊದಲು ಬರುವುದು ಆಟಗಾರರ ಪಟ್ಟಿಯಲ್ಲ, ತಂಡದ ಹೆಸರೂ ಅಲ್ಲ. ಅರೀನಾದ, ಅಂದರೆ ಆಟ ನಡೆಯುವ ಒಳಾಂಗಣ ಕಟ್ಟಡದ ಕ್ಯಾಲೆಂಡರ್. ಡಿಸೆಂಬರಿನಿಂದ ಏಪ್ರಿಲ್ ಮುಗಿಯುವವರೆಗಿನ ಶುಕ್ರವಾರ, ಶನಿವಾರಗಳನ್ನು ಪೆನ್ಸಿಲ್ ಹಿಡಿದು ಎಣಿಸಿದರೆ 43ರ ಆಸುಪಾಸು ರಾತ್ರಿಗಳು ಸಿಗುತ್ತವೆ. ಅಮೆರಿಕ ಮತ್ತು ಕೆನಡಾದಲ್ಲಿ ನಡೆಯುವ ನ್ಯಾಷನಲ್ ಲ್ಯಾಕ್ರೋಸ್ ಲೀಗ್, ಅಂದರೆ ಎನ್‌ಎಲ್‌ಎಲ್‌ನಲ್ಲಿ ಒಂದು ತಂಡಕ್ಕೆ ಸೀಸನ್ನಿಗೆ 18 ಪಂದ್ಯ, ಅದರಲ್ಲಿ ತವರಿನಲ್ಲಿ 9. ನಲವತ್ತಮೂರರಲ್ಲಿ ಒಂಬತ್ತು ಸಿಗದೇ ಹೋಗುತ್ತದೆಯೇ ಅನ್ನಿಸುತ್ತದೆ. ಅದೇ ಕಟ್ಟಡದಲ್ಲಿ ಎನ್‌ಎಚ್‌ಎಲ್ ಎಂಬ ಐಸ್ ಹಾಕಿ ಲೀಗಿನ ತಂಡವಿದ್ದರೆ ಅದಕ್ಕೆ ನಲವತ್ತರ ಮೇಲೆ ತವರು ಪಂದ್ಯ. ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ತಂಡವೂ ಇದ್ದರೆ ಇನ್ನೊಂದು ನಲವತ್ತರ ಮೇಲೆ. ಉಳಿದದ್ದರಲ್ಲಿ ಸಂಗೀತ ಕಚೇರಿ, ಕುಸ್ತಿ, ಮಕ್ಕಳ ಐಸ್ ಶೋ. ಇವರೆಲ್ಲ ತಿಂದು ಬಿಟ್ಟ ತಟ್ಟೆಯಲ್ಲಿ ನಮ್ಮ ಒಂಬತ್ತು ಅಗುಳು ಹುಡುಕಬೇಕು.

ವಾರದ ನಡುವೆ ಆಡಿಸಬಹುದಲ್ಲ ಎಂದು ಹೊಸದಾಗಿ ದುಡ್ಡು ಹಾಕುವವರು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಎನ್‌ಎಲ್‌ಎಲ್ ಆಟಗಾರರಲ್ಲಿ ಬಹಳ ಮಂದಿಗೆ ಬೇರೆ ನೌಕರಿ ಇದೆ. ಶಾಲೆಯ ಮೇಷ್ಟ್ರು, ಅಗ್ನಿಶಾಮಕ ದಳದವರು, ಮರಗೆಲಸದವರು. ಮಂಗಳವಾರ ಪಂದ್ಯ ಇಟ್ಟರೆ ಅವರು ರಜೆ ಹಾಕಬೇಕು. ಹಾಗಾಗಿ ವಾರಾಂತ್ಯ ಬಿಟ್ಟರೆ ಗತಿಯಿಲ್ಲ, ಕಟ್ಟಡದ ಬಾಡಿಗೆಯಲ್ಲಿ ಎಲ್ಲಕ್ಕಿಂತ ದುಬಾರಿ ದಿನಗಳೂ ಅವೇ.

ಒಳಾಂಗಣದ ಈ ಆಟ ಹುಟ್ಟಿದ್ದೇ ಖಾಲಿ ಕಟ್ಟಡ ತುಂಬಿಸಲು ಅನ್ನುವುದು ಇಲ್ಲಿಯ ತಮಾಷೆ. ಬಯಲಿನಲ್ಲಿ ಆಡುವ ಲ್ಯಾಕ್ರೋಸ್ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಹೋಡೆನೋಶೋನಿ ಜನರದ್ದು; ಅವರ ಪಾಲಿಗೆ ಅದು ಸೃಷ್ಟಿಕರ್ತನ ಆಟ, ಕಾಯಿಲೆ ವಾಸಿಯಾಗಲೆಂದೂ ಆಡುವ ಆಟ. 1931ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಹಾಕಿ ತಂಡದ ಒಡೆಯರಾಗಿದ್ದ ಜೋಸೆಫ್ ಕ್ಯಾಟರಿನಿಚ್, ಲಿಯೋ ಡಾಂಡುರಾಂಡ್ ಮತ್ತಿತರ ಅರೀನಾ ಮಾಲೀಕರು ಬೇಸಿಗೆಯಲ್ಲಿ ಐಸ್ ತೆಗೆದು ಬರಿದಾಗುತ್ತಿದ್ದ ರಿಂಕ್‌ಗೆ, ಅಂದರೆ ಐಸ್ ಹಾಕಿಯ ಅಂಕಣಕ್ಕೆ ಅದನ್ನು ತಂದು ಕೂರಿಸಿದರು. ಅದೇ ಬಾಕ್ಸ್ ಲ್ಯಾಕ್ರೋಸ್. ಕೆನಡಾದಲ್ಲಿ ಬೇಸಿಗೆಯ ಲೀಗುಗಳು ಇವತ್ತಿಗೂ ಹೆಚ್ಚಾಗಿ ಬರಿ ಕಾಂಕ್ರೀಟ್ ನೆಲದ ಮೇಲೆ ಆಡುತ್ತವೆ. 1987ರಲ್ಲಿ ಫಿಲಡೆಲ್ಫಿಯಾ, ನ್ಯೂಜೆರ್ಸಿ, ವಾಷಿಂಗ್ಟನ್, ಬಾಲ್ಟಿಮೋರ್ ಎಂಬ ನಾಲ್ಕೇ ತಂಡಗಳಿಂದ ಶುರುವಾದ ಇಂದಿನ ಲೀಗಿನ ಪೂರ್ವಜ ಮಾತ್ರ ಆಟವನ್ನು ಚಳಿಗಾಲಕ್ಕೆ ಒಯ್ದಿತು. ಬೇಸಿಗೆಯಲ್ಲಿ ಖಾಲಿ ಕಟ್ಟಡಕ್ಕೆಂದು ಮಾಡಿದ ಆಟ ಈಗ ಕಟ್ಟಡ ತುಂಬಿ ತುಳುಕುವ ತಿಂಗಳಲ್ಲಿ ಜಾಗ ಕೇಳುತ್ತದೆ. ಐಸ್ ತೆಗೆಯುವಂತೆಯೂ ಇಲ್ಲ. ನಾಳೆ ಮಧ್ಯಾಹ್ನ ಅಲ್ಲಿ ಹಾಕಿ ಇರುತ್ತದೆ. ನಮ್ಮ ಕೆಲಸದ ಅರ್ಧ ತಾಪತ್ರಯ ಇದೊಂದರಿಂದಲೇ.

ಕ್ಯಾಲೆಂಡರ್ ಆದಮೇಲೆ ಕರಾರು. ಇದನ್ನು ಮೊದಲ ಪಂದ್ಯಕ್ಕೆ ಒಂದು ವರ್ಷಕ್ಕಿಂತ ಮುಂಚೆಯೇ ಹಿಡಿಯಬೇಕು. ಬಾಡಿಗೆ ಎಷ್ಟು ಎಂದಷ್ಟೇ ಕೇಳಿ ಸಹಿ ಹಾಕುವವರು ಮೊದಲ ತಿಂಗಳ ಬಿಲ್ ಬಂದಾಗ ಬೆವರುತ್ತಾರೆ. ಕೇಳಬೇಕಾದದ್ದು ಬೇರೆ: ನೆಲ ಬದಲಿಸುವ ಕೂಲಿ ಬಾಡಿಗೆಯೊಳಗೋ ಹೊರಗೋ? ಗೇಟಿನ ಸಿಬ್ಬಂದಿ, ಭದ್ರತೆ, ಆಂಬುಲೆನ್ಸ್ ಯಾರ ಲೆಕ್ಕಕ್ಕೆ? ಪಾರ್ಕಿಂಗ್ ಮತ್ತು ಬಿಯರ್, ಹಾಟ್‌ಡಾಗ್ ಮಾರಾಟದಲ್ಲಿ ನಮಗೆಷ್ಟು ಪಾಲು? ರಿಂಕಿನ ಸುತ್ತಲ ಗೋಡೆಯಂಥ ಬೋರ್ಡಿನ ಮೇಲಿನ ಜಾಹೀರಾತು ಹಾಕಿ ತಂಡದವರು ಆಗಲೇ ಮಾರಿದ್ದಾರೆಯೇ, ನಮ್ಮ ಪಂದ್ಯದ ದಿನ ಅದನ್ನು ಮುಚ್ಚಬಹುದೇ? ಏಪ್ರಿಲ್ ಕೊನೆಗೆ ಪ್ಲೇಆಫ್ ಬಂದರೆ ಯಾವ ದಿನ ಕೊಡುತ್ತೀರಿ? ಈ ಕೊನೆಯದು ಬಲು ಮುಖ್ಯ. ಹಾಕಿ, ಬ್ಯಾಸ್ಕೆಟ್‌ಬಾಲ್ ಪ್ಲೇಆಫ್‌ಗಳೂ ಅದೇ ಹೊತ್ತಿಗೆ ಬರುತ್ತವೆ, ಅವರು ಬೇಕಾಗಬಹುದಾದ ಎಲ್ಲ ದಿನಗಳಿಗೂ ಮೊದಲೇ ಟವಲ್ ಹಾಕಿಟ್ಟಿರುತ್ತಾರೆ. ಟಿಕೆಟಿನ ದುಡ್ಡಿನಲ್ಲಿ ಬಾಡಿಗೆ ಹುಟ್ಟಬಹುದು. ಲಾಭ ಹುಟ್ಟುವುದು ಪಾರ್ಕಿಂಗ್, ತಿಂಡಿ, ಜಾಹೀರಾತಿನಲ್ಲಿ. ಅವು ಮೂರೂ ಮನೆ ಯಜಮಾನನ ಜೇಬಿಗೆ ಹೋದರೆ ಹತ್ತು ಸಾವಿರ ಜನ ಬಂದ ರಾತ್ರಿಯೂ ನಷ್ಟವೇ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಕೇಳಬೇಕಲ್ಲ, ಹಾಗೆ.

ಅದಕ್ಕೇ ಕಟ್ಟಡದ ಬೀಗದ ಕೈ ಇರುವವನೇ ತಂಡವನ್ನೂ ಕೊಂಡರೆ ಲೆಕ್ಕ ಬದಲಾಗುತ್ತದೆ. 1987ರ ಬಾಲ್ಟಿಮೋರ್ ತಂಡದ ಜಾತಕ ನೋಡಿ: 2000ದಲ್ಲಿ ಪಿಟ್ಸ್‌ಬರ್ಗ್, 2001ರಲ್ಲಿ ವಾಷಿಂಗ್ಟನ್, 2003ರಲ್ಲಿ ಡೆನ್ವರ್. ಡೆನ್ವರಿನಲ್ಲಿ ಅರೀನಾ, ಹಾಕಿ ತಂಡ, ಬ್ಯಾಸ್ಕೆಟ್‌ಬಾಲ್ ತಂಡ ಎಲ್ಲವೂ ಕ್ರೋಂಕಿ ಎಂಬ ಉದ್ಯಮಿಯ ಬಳಗದ್ದು. ಲ್ಯಾಕ್ರೋಸ್ ತಂಡವೂ ಅದೇ ಮನೆಗೆ ಸೇರಿತು. ಕೊಲರಾಡೊ ಮ್ಯಾಮತ್ ಎಂಬ ಹೆಸರಿನಲ್ಲಿ ಅಲ್ಲೇ ಬೇರು ಬಿಟ್ಟು 2006ರಲ್ಲಿ, ಮತ್ತೆ 2022ರಲ್ಲಿ ಚಾಂಪಿಯನ್ ಆಯಿತು. ಇನ್ನೊಂದರದ್ದು ಇನ್ನೂ ಉದ್ದದ ಪಯಣ: ಆಲ್ಬನಿಯಲ್ಲಿ 2000ದಲ್ಲಿ ಹುಟ್ಟಿ, 2004ಕ್ಕೆ ಸ್ಯಾನ್ ಹೋಸೆ, 2010ಕ್ಕೆ ಎವರೆಟ್, 2014ಕ್ಕೆ ಲ್ಯಾಂಗ್ಲಿ. ಕಡೆಗೆ 2018ರಲ್ಲಿ ವ್ಯಾಂಕೂವರ್ ಕನಕ್ಸ್ ಹಾಕಿ ತಂಡದ ಒಡೆಯರು ಕೊಂಡು ತಮ್ಮದೇ ರೋಜರ್ಸ್ ಅರೀನಾಕ್ಕೆ ತಂದರು. ಖಂಡದ ಪೂರ್ವದಂಚಿನಿಂದ ಪಶ್ಚಿಮದಂಚಿಗೆ, ನಾಲ್ಕು ಸಲ ಸಾಮಾನು ಕಟ್ಟಿ.

ಬೆಂಗಳೂರಿನ ಕಬಡ್ಡಿ ಅಭಿಮಾನಿಗಳಿಗೆ ಇದು ಹೊಸ ಮಾತಲ್ಲ. ಕಂಠೀರವ ಒಳಾಂಗಣ ಸಿಗದೆ 2017ರಲ್ಲಿ ಬೆಂಗಳೂರು ಬುಲ್ಸ್ ತನ್ನ ‘ತವರು’ ಪಂದ್ಯಗಳನ್ನು ನಾಗಪುರದಲ್ಲಿ ಆಡಿತ್ತು.

ಈಗ ನೆಲ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ, ನಾಲ್ಕು ಮೂಲೆಗಳೂ 28 ಅಡಿ ತ್ರಿಜ್ಯದಲ್ಲಿ ದುಂಡಗೆ. ಮೂಲೆ ಕಳೆದರೆ ಸುಮಾರು 16,300 ಚದರಡಿ. ಹಾಕಿ ಮುಗಿದ ರಾತ್ರಿ ಗೋಲಿನ ಗೂಟ ಕಿತ್ತು ತೂತು ಮುಚ್ಚಿ, ಯಂತ್ರದಿಂದ ಐಸ್ ಹೆರೆದು, ನೀರು ಬಿಡದೆ ಒಣಗಲು ಬಿಡಬೇಕು. ಆಮೇಲೆ ಶಾಖ ತಡೆಯುವ ಹಲಗೆ. 4 ಅಡಿ ಅಗಲ 8 ಅಡಿ ಉದ್ದದ ಹಲಗೆಯಾದರೆ 510ರಷ್ಟು ಬೇಕು. ಮೂಲೆಯವು ಕತ್ತರಿಸಿದ ತುಂಡುಗಳು. ಆ ತುಂಡುಗಳ ಬೆನ್ನಿಗೆ ಸಂಖ್ಯೆ ಬರೆದಿರಲೇಬೇಕು. ಈಶಾನ್ಯದ ಮೂಲೆಯದನ್ನು ನೈಋತ್ಯಕ್ಕೆ ಕೂರಿಸಲು ಹೋಗಿ ಬೆಳಗಿನ ಜಾವ ಮೂರಕ್ಕೆ ಎಲ್ಲ ಕಿತ್ತು ಮತ್ತೆ ಜೋಡಿಸುವ ಕೆಲಸ ಯಾರಿಗೂ ಬೇಡ. ಹಲಗೆಗಳ ನಡುವೆ ಬೆರಳಗಲ ಸಂದು ಬಿಟ್ಟರೂ ಅಲ್ಲಿಂದ ತಂಪು ಮೇಲೇರುತ್ತದೆ. ಸಂಜೆ ಸಾವಿರಾರು ಜನ ಒದ್ದೆ ಕೋಟು ಹೊತ್ತು ಒಳಗೆ ಬಂದಮೇಲೆ ಗಾಳಿಯ ತೇವ ಆ ಗೆರೆಯ ಮೇಲೇ ಇಬ್ಬನಿಯಾಗಿ ಕೂರುತ್ತದೆ, ತಿರುಗುವ ಆಟಗಾರನ ಕಾಲು ಅಲ್ಲೇ ಜಾರುತ್ತದೆ. ಗಾಳಿಯ ತೇವ ಎಳೆಯುವ ಯಂತ್ರವನ್ನು ಗೇಟ್ ತೆರೆಯುವ ಹೊತ್ತಿಗಲ್ಲ, ಬೆಳಗ್ಗೆಯೇ ಹಾಕಬೇಕು.

ಹಲಗೆಯ ಮೇಲೆ ಟರ್ಫ್, ಅಂದರೆ ಕೃತಕ ಹುಲ್ಲಿನ ಹಾಸು. ಫುಟ್‌ಬಾಲ್ ಮೈದಾನದ ಹಾಗೆ ಉದ್ದ ಎಳೆ, ನಡುವೆ ರಬ್ಬರ್ ಪುಡಿ ಇರುವುದು ಇಲ್ಲಿಗೆ ಆಗದು. ಚೆಂಡು ಪುಟಿಯಬೇಕು, ಹಾಸು ಸುತ್ತಿ ಎತ್ತಿಡಲೂ ಬರಬೇಕು. ಅದಕ್ಕೆ ಗಿಡ್ಡ ಎಳೆಯ, ಪುಡಿಯಿಲ್ಲದ ಟರ್ಫ್. ಸಾಮಾನ್ಯವಾಗಿ ಸಿಗುವ 15 ಅಡಿ ಅಗಲದ ಸುರುಳಿಯನ್ನು ಉದ್ದಕ್ಕೆ ಹಾಸಿದರೆ 6 ಸುರುಳಿ, 5 ಹೊಲಿಗೆ, ಒಟ್ಟು 1,000 ಅಡಿ ಜೋಡು. ಅಡ್ಡಕ್ಕೆ ಹಾಸಿದರೆ 14 ಸುರುಳಿ, 13 ಹೊಲಿಗೆ, 1,105 ಅಡಿ. ಹೊಲಿಗೆಯ ಅಳತೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಆದರೆ 200 ಅಡಿಯ ಸುರುಳಿ ತಳ್ಳಲು ಯಂತ್ರ ಬೇಕು, ಉಗ್ರಾಣದಲ್ಲಿ ಅದಕ್ಕೆ ತಕ್ಕ ಜಾಗವೂ ಬೇಕು. 85 ಅಡಿಯದು ಹಗುರ, ಆದರೆ ಓಡುವವನು ಪ್ರತಿ ಓಟದಲ್ಲೂ ಹೊಲಿಗೆಗಳನ್ನು ಅಡ್ಡಹಾಯಬೇಕು. ಗೋಲಿನ ಸುತ್ತಲ ಕ್ರೀಸ್ ಗೆರೆಯ ತ್ರಿಜ್ಯ 9 ಅಡಿ 3 ಅಂಗುಲ, ಅದು ಸುರುಳಿಯಲ್ಲೇ ಕೂಡಿಕೊಂಡಿರುತ್ತದೆ. ಪಕ್ಕದ ಸುರುಳಿ ಒಂದಂಗುಲ ಸರಿದಿದ್ದರೆ ಕಮಾನು ಮುರಿದ ಬಳೆಯ ಹಾಗೆ ಕಾಣುತ್ತದೆ. ನೋಟಕ್ಕೆ ಕೆಟ್ಟದೆನ್ನುವುದು ಹಾಗಿರಲಿ, ಆಟಗಾರನ ಕಾಲು ಕ್ರೀಸ್ ತುಳಿದಿತ್ತೇ ಎಂದು ಪಂಚರು ವಿಡಿಯೊ ನೋಡುವಾಗ ಗೆರೆ ಯಾವುದೆಂಬುದೇ ತಕರಾರಾಗುತ್ತದೆ. ಇನ್ನೊಂದು ಸಂಗತಿ: ಸುರುಳಿಯನ್ನು ಹೊರಗಿನ ಚಳಿಯಲ್ಲಿಟ್ಟಿದ್ದು ನೇರವಾಗಿ ಹಾಸಿದರೆ ಅದು ಕುಗ್ಗಿರುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ಹಿಂದಿನ ದಿನವೇ ಒಳಗೆ ತಂದು ಬೆಚ್ಚಗಾಗಲು ಬಿಟ್ಟರೆ ಮಲಗುತ್ತದೆ.

ಬೋರ್ಡು, ಗಾಜು ಹಾಗೇ ಇರುತ್ತವೆ. ಚೆಂಡು ಅವಕ್ಕೆ ಬಡಿದು ಬರುವುದೂ ಆಟದ ಭಾಗವೇ. ಗೋಲಿನ ಹಿಂದಿನ ಬಲೆ ಒಂದನ್ನು ಮಾತ್ರ ಎರಡೆರಡು ಸಲ ನೋಡಬೇಕು. ಚೆಂಡು ಗಟ್ಟಿ ರಬ್ಬರಿನದು, ತೂಕ 5ರಿಂದ 5¼ ಔನ್ಸ್, ಕ್ರಿಕೆಟ್ ಚೆಂಡಿಗಿಂತ ಕೊಂಚ ಹಗುರ, ಕೊಂಚ ಚಿಕ್ಕದು. ಗಂಟೆಗೆ 160 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೊರಡುತ್ತದೆ. ಗೋಲು 4 ಅಡಿ ಎತ್ತರ, 4 ಅಡಿ 9 ಅಂಗುಲ ಅಗಲ. ಅದರ ಮುಂದೆ ಪ್ಯಾಡ್ ತುಂಬಿಕೊಂಡ ಗೋಲಿ, ಅಂದರೆ ಗೋಲ್‌ಕೀಪರ್, ನಿಂತರೆ ಕಾಣುವ ಸಂದು ಅಂಗೈಯಷ್ಟು. ತಪ್ಪಿದ ಹೊಡೆತಗಳೆಲ್ಲ ಹಿಂದಕ್ಕೇ ಹೋಗಬೇಕು.

ಪಂದ್ಯ ಮುಗಿದಮೇಲೆ ಇದೆಲ್ಲ ಹಿಂದುಮುಂದಾಗಿ. ಮರುದಿನ ಮಧ್ಯಾಹ್ನ ಹಾಕಿ ಇದ್ದರೆ ರಾತ್ರಿಯೇ ಬಿಚ್ಚಬೇಕು. ಬೆಂಚಿನ ಪಕ್ಕ ಚೆಲ್ಲಿದ ನೀರು ಸಂದಿನಿಂದ ಇಳಿದು ಹೆಪ್ಪುಗಟ್ಟಿದ್ದರೆ ಹಲಗೆ ಏಳುವಾಗ ಐಸ್ ಚಕ್ಕೆಯನ್ನೂ ಕಿತ್ತುಕೊಂಡು ಏಳುತ್ತದೆ. ಆಮೇಲೆ ಹಾಕಿಯವರ ಮುಖ ನೋಡಬಾರದು. ಬೆಂಚಿನ ಕೆಳಗೆ ರಬ್ಬರ್ ಚಾಪೆ ಹಾಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ಆಟಗಾರರನ್ನು ಕೂಡಿಸುವ ಕೆಲಸ ಇದಕ್ಕಿಂತ ಸುಲಭ ಎಂದರೆ ತರಬೇತುದಾರರು ಬೈದಾರು, ಆದರೆ ದಾರಿ ಹಾಕಿಕೊಟ್ಟಿರುತ್ತದೆ. ಹಳೆಯ ತಂಡಗಳು ತಾವು ಬಿಡಲೊಲ್ಲದವರ ಪಟ್ಟಿ ಕೊಡುತ್ತವೆ. ಹೊರಗುಳಿದವರಲ್ಲಿ ಹೊಸ ತಂಡ ಆರಿಸಿಕೊಳ್ಳುತ್ತದೆ. ಇದು ಎಕ್ಸ್‌ಪಾನ್ಷನ್ ಡ್ರಾಫ್ಟ್. ಪಟ್ಟಿ ಹೊರಬೀಳುವ ಮುನ್ನ ಫೋನಿನಲ್ಲಿ ನಡೆಯುವುದೇ ನಿಜವಾದ ವ್ಯಾಪಾರ: ‘ಇಂಥವನನ್ನು ಮುಟ್ಟಬೇಡಿ, ಬದಲಿಗೆ ಮುಂದಿನ ಹೊಸಬರ ಡ್ರಾಫ್ಟಿನ ನಮ್ಮ ಸರದಿ ತಗೊಳ್ಳಿ.’ ಅನುಭವಸ್ಥರು ಮೊದಲು ಕಣ್ಣು ಹಾಕುವುದು ಎರಡನೇ ಗೋಲಿಗಳ ಮೇಲೆ. ಒಳ್ಳೆಯ ತಂಡದಲ್ಲಿ ಬೆಂಚು ಕಾಯುವ ಗೋಲಿ ಹೊಸ ತಂಡಕ್ಕೆ ಮೊದಲ ದಿನದಿಂದಲೇ ಆಧಾರ. 2018ರಲ್ಲಿ ಸ್ಯಾನ್ ಡಿಯಾಗೊ ಸೀಲ್ಸ್ ಮತ್ತು ಫಿಲಡೆಲ್ಫಿಯಾ ವಿಂಗ್ಸ್ ಒಂದೇ ಡ್ರಾಫ್ಟಿನಿಂದ ಹೊರಟವು. ಮೊದಲ ಸೀಸನ್ ಮುಗಿದಾಗ ಸೀಲ್ಸ್ 10 ಗೆದ್ದು 8 ಸೋತಿತ್ತು. ವಿಂಗ್ಸ್ ಗೆದ್ದದ್ದು 4. ಲೀಗಿಗೆ ಹೊಸದಾಗಿ ಬರುವವರನ್ನು ತಂಡಗಳು ಸರದಿಯಂತೆ ಆರಿಸುವ ಹೊಸಬರ ಡ್ರಾಫ್ಟಿನಲ್ಲಿ ಅದೇ ವರ್ಷ ಸೀಲ್ಸ್‌ಗೆ ಮೊದಲ ಸರದಿ ಸಿಕ್ಕಿ, ಒಂಟಾರಿಯೊದ ಮೂಲನಿವಾಸಿ ನೆಲೆ ಸಿಕ್ಸ್ ನೇಷನ್ಸ್‌ನ ಆಸ್ಟಿನ್ ಸ್ಟಾಟ್ಸ್ ಬಂದಿದ್ದರು.

ಹೊಸ ಊರು ಅಮೆರಿಕದ ದಕ್ಷಿಣದಲ್ಲೋ ಪಶ್ಚಿಮದಲ್ಲೋ ಇದ್ದರೆ ಸ್ಥಳೀಯ ಹುಡುಗರು ಸಿಗುವುದು ಕಷ್ಟ. ಅಲ್ಲಿ ಲ್ಯಾಕ್ರೋಸ್ ಗೊತ್ತಿರುವವರೂ ಕಲಿತದ್ದು ಬಯಲಿನ ಆಟ: ದೊಡ್ಡ ಮೈದಾನ, 6 ಅಡಿ ಚೌಕದ ಗೋಲು, ಎರಡೂ ಕೈ ಬದಲಿಸಿ ಆಡುವ ರೂಢಿ. ಬಾಕ್ಸಿನ ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು, ಒಂದೇ ಕೈವಾಟದಲ್ಲಿ, 30 ಸೆಕೆಂಡಿನೊಳಗೆ ಹೊಡೆತ ಹುಟ್ಟಿಸುವುದು ಬೇರೆಯೇ ವಿದ್ಯೆ. ಅದು ಬಾಲ್ಯದಿಂದ ಬಂದವರು ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾದವರು. ಹೀಗಾಗಿ ತವರು ತಂಡವೇ ಪ್ರತಿ ವಾರ ವಿಮಾನದಲ್ಲಿ ತವರಿಗೆ ಬರುತ್ತದೆ! ಶುಕ್ರವಾರ ಕೆಲಸ ಮುಗಿಸಿ ವಿಮಾನ ಹತ್ತಿ ರಾತ್ರಿ ತಲುಪಿ, ಶನಿವಾರ ಬೆಳಗ್ಗೆ ಹಗುರ ಅಭ್ಯಾಸ, ಸಂಜೆ ಪಂದ್ಯ, ಭಾನುವಾರ ವಾಪಸ್. ಜನವರಿಯಲ್ಲಿ ಟೊರೊಂಟೊದಲ್ಲಿ ಹಿಮ ಬಿದ್ದು ವಿಮಾನ ನಿಂತರೆ ನಿಮ್ಮದೇ ಊರಿನಲ್ಲಿ ನಿಮ್ಮದೇ ತಂಡವಿಲ್ಲ. ಇಡೀ ಬಳಗವನ್ನು ಒಂದೇ ವಿಮಾನಕ್ಕೆ ಹತ್ತಿಸಬೇಡಿ. ಎರಡು ಗೋಲಿಗಳನ್ನಂತೂ ಖಂಡಿತ ಬೇರೆಬೇರೆಯಾಗಿ ಕಳಿಸಿ. ಗಡಿ ದಾಟುವ ಕೆನಡಾದವರಿಗೆ ಕೆಲಸ ಮಾಡುವ ಅನುಮತಿ ಬೇಕು, ಆ ಕಾಗದಪತ್ರವನ್ನು ತರಬೇತಿ ಶಿಬಿರಕ್ಕೂ ಮೊದಲೇ ಮುಗಿಸಿಟ್ಟಿರಬೇಕು. ಇದರ ಇನ್ನೊಂದು ಪೆಟ್ಟು ನಿಧಾನಕ್ಕೆ ಗೊತ್ತಾಗುತ್ತದೆ: ಬುಧವಾರ ಶಾಲೆಗೆ ಹೋಗಿ ಮಕ್ಕಳ ಕೈಗೆ ಕೋಲು ಕೊಡಲು ಊರಿನಲ್ಲಿ ಒಬ್ಬ ಆಟಗಾರನೂ ಇರುವುದಿಲ್ಲ. ಇಬ್ಬರು ಮೂವರಿಗಾದರೂ ಅಲ್ಲೇ ಮನೆ, ಕೆಲಸ ಹುಡುಕಿಕೊಟ್ಟು ನೆಲೆಗೊಳಿಸಿದರೆ ಆ ಸಂಬಳ ಯಾವ ಜಾಹೀರಾತಿಗಿಂತ ಹೆಚ್ಚು ದುಡಿಯುತ್ತದೆ.

ಟಿಕೆಟ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಮೊದಲ ರಾತ್ರಿ ಕಟ್ಟಡ ತುಂಬಿ ಕಾಣಲಿ ಎಂದು ಪುಕ್ಕಟೆ ಹಂಚುವುದು. ಪುಕ್ಕಟೆ ಬಂದವನು ಮುಂದಿನ ಸಲವೂ ಪುಕ್ಕಟೆಗೇ ಕಾಯುತ್ತಾನೆ. ದುಡ್ಡು ಕೊಟ್ಟು ಪಕ್ಕದಲ್ಲಿ ಕೂತವನಿಗೆ ಅದು ತಿಳಿದರೆ ಅವನೂ ಹೋದ. ಮೇಲಿನ ಅಂತಸ್ತಿಗೆ ಪರದೆ ಎಳೆದು ಕೆಳಗಿನದನ್ನಷ್ಟೇ ಮಾರುವುದು ವಾಸಿ. ಏಳು ಸಾವಿರ ಜನ ಒತ್ತಾಗಿ ಕೂತರೆ ಸದ್ದು ಬೇರೆ. ಅದೇ ಏಳು ಸಾವಿರ ಹದಿನೆಂಟು ಸಾವಿರದ ಕಟ್ಟಡದಲ್ಲಿ ಚದುರಿದರೆ ಸಂತೆ ಮುಗಿದ ಬಯಲು. ಲಾಸ್ ವೇಗಸ್ ತಂಡ 2022ರ ಕೊನೆಗೆ ಮ್ಯಾಂಡಲೇ ಬೇ ಹೋಟೆಲಿನ ಸುಮಾರು 12,000 ಆಸನದ ಅರೀನಾದಲ್ಲಿ ಆರಂಭಿಸಿ, ಎರಡು ಸೀಸನ್ ಬಳಿಕ ಹತ್ತಿರದ ಹೆಂಡರ್ಸನ್ನಿನಲ್ಲಿ ಅದರರ್ಧದಷ್ಟು ಆಸನದ ಕಟ್ಟಡಕ್ಕೆ ಹೋಯಿತು. ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ, ಬ್ಯಾಸ್ಕೆಟ್‌ಬಾಲಿನ ಸ್ಟೀವ್ ನ್ಯಾಶ್‌ರಂಥ ಒಡೆಯರ ಹೆಸರಿಗೆ ಮೊದಲ ರಾತ್ರಿ ಜನ ಬಂದಾರು. ಐದನೇ ರಾತ್ರಿಗೆ ಆ ಹೆಸರು ಸಾಲದು. ಆಟ ನಡೆಯುವಾಗಲೇ ಹಾಡು ಹಾಕುವುದು ಈ ಲೀಗಿನ ರೂಢಿ, ಹಾಕಿ ನೋಡಿ ಬಂದವರಿಗೆ ಮೊದಮೊದಲು ಇರಿಸುಮುರಿಸು. ನಿಯಮ ಹೇಳಿಕೊಡುವ ಮಾತನ್ನು ಆ ಹಾಡಿನ ಮೇಲೆ ಅರಚದೆ, ಮೊದಲ ಕ್ವಾರ್ಟರಿನ ವಿರಾಮಗಳಲ್ಲಿ ಎರಡೇ ವಾಕ್ಯಕ್ಕೆ ಮುಗಿಸಬೇಕು.

ಟೆಕ್ಸಸ್‌ನ ಫೋರ್ಟ್ ವರ್ತಿನ ಡಿಕೀಸ್ ಅರೀನಾ ನೋಡಲು ಒಳ್ಳೆಯ ಪಾಠ. ಹೊಸ ಕಟ್ಟಡ, ಸುಮಾರು 14,000 ಆಸನ, ಎನ್‌ಎಚ್‌ಎಲ್ ಇಲ್ಲ, ಎನ್‌ಬಿಎ ಇಲ್ಲ. ಕ್ಯಾಲೆಂಡರ್ ಖಾಲಿ ಎನ್ನುವಷ್ಟರಲ್ಲಿ ಜನವರಿ ನಡುವಿನಿಂದ ಫೆಬ್ರವರಿ ಆರಂಭದವರೆಗೆ ಊರಿನ ಹೆಮ್ಮೆಯ ಜಾನುವಾರು ಜಾತ್ರೆ ಮತ್ತು ರೋಡಿಯೊ. ಆ ಮೂರು ವಾರ ನೆಲದ ಮೇಲೆ ಮಣ್ಣು, ಮಣ್ಣಿನ ಮೇಲೆ ಗೂಳಿ. ಸೀಸನ್ನಿನ ನಟ್ಟನಡುವೆ ತವರು ತಂಡ ಊರುಬಿಟ್ಟು ಆಡಬೇಕು. ಪ್ಯಾಂಥರ್ ಸಿಟಿ ಹೆಸರಿನ ಆ ತಂಡ 2021ರ ಕೊನೆಗೆ ಶುರುವಾಗಿ ಮೂರು ಸೀಸನ್ ಆಡಿ 2024ರಲ್ಲಿ ಮುಚ್ಚಿತು. ಮುಚ್ಚಿದ್ದು ರೋಡಿಯೊದಿಂದ ಎಂದು ಹೇಳುತ್ತಿಲ್ಲ. ಖಾಲಿ ಕ್ಯಾಲೆಂಡರನ್ನು ನಂಬಬೇಡಿ ಎಂದಷ್ಟೇ. ಅದೇ 2024ರಲ್ಲಿ ಲಾಂಗ್ ಐಲೆಂಡಿನ ನ್ಯೂಯಾರ್ಕ್ ರಿಪ್‌ಟೈಡ್ ಒಟ್ಟಾವಾಗೆ ಹೋಯಿತು. ಒಟ್ಟಾವಾದಲ್ಲಿ 2001ರಿಂದ 2003ರವರೆಗೆ ಒಂದು ತಂಡ ಇದ್ದು ನಿಂತುಹೋಗಿತ್ತು.

ಇಷ್ಟು ಹೇಳಿದ ಮೇಲೆ ಕೆನಡಾದ ಸಸ್ಕಟೂನ್ ನಗರ ನಮ್ಮ ಲೆಕ್ಕವನ್ನೆಲ್ಲ ಸ್ವಲ್ಪ ಅಣಕಿಸುತ್ತದೆ. ಎಡ್ಮಂಟನ್ ರಶ್ ತಂಡ 2015ರಲ್ಲಿ ಕಪ್ ಗೆದ್ದು ಆ ಬೇಸಿಗೆಯಲ್ಲೇ ಊರು ಬಿಟ್ಟಿತು, ಹೋದದ್ದು ಅದಕ್ಕಿಂತ ಎಷ್ಟೋ ಚಿಕ್ಕದಾದ ಸಸ್ಕಟೂನಿಗೆ. ಕಟ್ಟಡ ನಗರದ್ದು, ತಂಡದ ಒಡೆಯನದ್ದಲ್ಲ. ಆದರೆ ಅಲ್ಲಿನ ದೊಡ್ಡ ಬಾಡಿಗೆದಾರ ಕಿರಿಯರ ಹಾಕಿ ತಂಡ ಒಂದೇ. ಚಳಿಗಾಲದ ಶನಿವಾರ ರಾತ್ರಿ ಜನರಿಗೆ ಹೋಗಲು ಬೇರೆ ದೊಡ್ಡ ಆಟವಿಲ್ಲ. ಮೊದಲ ವರ್ಷವೇ ರಶ್ ಮತ್ತೆ ಕಪ್ ಗೆದ್ದಿತು, 2018ರಲ್ಲಿ ಇನ್ನೊಮ್ಮೆ. ದೊಡ್ಡ ಪಟ್ಟಣದಲ್ಲಿ ಐದನೆಯವರಾಗುವುದಕ್ಕಿಂತ ಇದು ಮೇಲು ಎನ್ನುವವರ ಪಕ್ಷ ನಮ್ಮದು. 2019ರಲ್ಲಿ ಒಡೆಯ ಕರ್ಟ್ ಸ್ಟೈರ್ಸ್ ರಾಚೆಸ್ಟರಿನಿಂದ ಹ್ಯಾಲಿಫ್ಯಾಕ್ಸಿಗೆ ತಮ್ಮ ತಂಡ ಒಯ್ದದ್ದೂ ಇದೇ ಬಗೆ.

ಕಟ್ಟಡದ ತಲೆನೋವೇ ಬೇಡವೆಂದು ಬಯಲಿನ ಆಟದವರು ಇನ್ನೊಂದು ದಾರಿ ಹಿಡಿದರು. ಬಯಲಿನ ಆಟದ ಹಳೆಯ ಲೀಗು ಮೇಜರ್ ಲೀಗ್ ಲ್ಯಾಕ್ರೋಸ್ 2006ರಲ್ಲಿ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಡೆನ್ವರ್, ಶಿಕಾಗೊ ಎಂದು ಒಂದೇ ಏಟಿಗೆ ಪಶ್ಚಿಮಕ್ಕೆ ಹಾರಿತ್ತು. 2008 ಮುಗಿಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಎರಡೂ ನಿಂತವು. ಆ ಪಾಡು ಕಂಡಿದ್ದ ಪಾಲ್ ರೇಬಿಲ್, ಮೈಕ್ ರೇಬಿಲ್ ಸೋದರರು 2019ರಲ್ಲಿ ಪ್ರೀಮಿಯರ್ ಲ್ಯಾಕ್ರೋಸ್ ಲೀಗ್ ಶುರುಮಾಡುವಾಗ ತಂಡಗಳಿಗೆ ಊರನ್ನೇ ಕೊಡಲಿಲ್ಲ. ಆರೂ ತಂಡಗಳು ಒಟ್ಟಾಗಿ ವಾರಕ್ಕೊಂದು ಊರು ಸುತ್ತುವ ಟೂರಿಂಗ್ ಟಾಕೀಸು. ಒಂದು ವಾರಾಂತ್ಯಕ್ಕೆ ಮಾತ್ರ ಮೈದಾನದ ಬಾಡಿಗೆ, ಒಂದೇ ಕ್ಯಾಮೆರಾ ತಂಡ. 2020ರ ಡಿಸೆಂಬರಿನಲ್ಲಿ ಹಳೆಯ ಲೀಗು ಇದರಲ್ಲೇ ಸೇರಿಹೋಯಿತು. ಐದು ವರ್ಷ ಹೀಗೆ ಸುತ್ತಿ, ಎಲ್ಲೆಲ್ಲಿ ಟಿಕೆಟ್ ಹೋಗುತ್ತದೆ, ಯಾರು ಯಾವ ಜರ್ಸಿ ಕೊಳ್ಳುತ್ತಾರೆ ಎಂಬ ಲೆಕ್ಕ ಕೈಯಲ್ಲಿಟ್ಟುಕೊಂಡು 2024ರಲ್ಲಿ, ಅಷ್ಟರಲ್ಲಿ ಎಂಟಾಗಿದ್ದ ತಂಡಗಳಿಗೆಲ್ಲ ಊರು ಹಂಚಿದರು. ಆರ್ಚರ್ಸ್ ಯೂಟಾಕ್ಕೆ, ಕೇಯಾಸ್ ಕೆರೊಲಿನಾಕ್ಕೆ. ಕ್ರೋಮ್ ಡೆನ್ವರಿಗೆ ಹೋಗಿ ಹಳೆಯ ಲೀಗಿನ ಔಟ್‌ಲಾಸ್ ಹೆಸರು ತೊಟ್ಟಿತು. ಊರು ಕೊಟ್ಟ ಮೇಲೂ ಸುತ್ತಾಟ ಬಿಡಲಿಲ್ಲ: ತವರಿನ ತಂಡ ತನ್ನ ವಾರಾಂತ್ಯದಲ್ಲಿ ಎರಡು ಪಂದ್ಯ ಆಡುತ್ತದೆ, ಉಳಿದ ದಿನ ಬೇರೆ ಊರು. ಮೊದಲು ಊರು ಕೊಟ್ಟು ಆಮೇಲೆ ಜನ ಹುಡುಕುವುದಕ್ಕಿಂತ ಇದು ಜಾಣ ಕ್ರಮ. ಕೊರತೆಯೆಂದರೆ ವರ್ಷಕ್ಕೆ ಒಂದೇ ವಾರಾಂತ್ಯ ಕಾಣುವ ತಂಡವನ್ನು ನಮ್ಮದು ಅನ್ನಲು ಜನಕ್ಕೆ ಹೊತ್ತು ಹಿಡಿಯುತ್ತದೆ.

ಈಗ ಹೊಸ ಊರಿನವರ ಮುಂದೆ ಎಲ್ಲರೂ ಬೀಸುವ ಕಾಗದ ಒಲಿಂಪಿಕ್ಸ್. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಜೊತೆಗೇ ಲ್ಯಾಕ್ರೋಸನ್ನೂ ಸೇರಿಸಿತು. ಆಡುವುದು ಸಿಕ್ಸಸ್ ಎಂಬ ಹೊಸ ಬಗೆ: ಗೋಲಿ ಸೇರಿ ಆರು ಜನ, 8 ನಿಮಿಷದ ನಾಲ್ಕು ಕ್ವಾರ್ಟರ್, 30 ಸೆಕೆಂಡಿನ ಗಡಿಯಾರ. ಬಾಕ್ಸ್ ಆಡಿದವನಿಗೆ ವೇಗ ಪರಿಚಿತವೇ. ಆದ್ದರಿಂದ ಅರೀನಾದವರು ಕರಾರಿನ ಮಾತಿನಲ್ಲಿ ‘ನಿಮ್ಮ ಟರ್ಫ್ ಇದ್ದೇ ಇದೆಯಲ್ಲ, ಅದರ ಮೇಲೇ ಸಿಕ್ಸಸ್ ಕೂಡ ಆಡಿಸಿ’ ಎನ್ನುತ್ತಾರೆ. ಒಪ್ಪಿ ತಲೆಯಾಡಿಸುವ ಮುನ್ನ ಟೇಪು ಹಿಡಿಯಿರಿ. ಸಿಕ್ಸಸ್ ಮೈದಾನ 70 ಮೀಟರ್ ಉದ್ದ, 36 ಮೀಟರ್ ಅಗಲ. ಹಾಕಿ ರಿಂಕ್ 61ಕ್ಕೆ 26.